ನೀರಿನ ತಪ್ಪಲ್ಲ

ಕ್ಯಾತಗಾನಚೆರ್ಲು
14-11-2024, ಗುರುವಾರ

ಭೀಮರಾಜು ಅವರಿಗೆ,

ವನಜಾಕ್ಷಿ ಮಾಡುವ ನಮಸ್ಕಾರ. ಹೌದು, ಗಂಡನ ಹೆಸರು ಹಿಡಿದೇ ಬರೆದಿದ್ದೇನೆ. ಮೂವತ್ತೊಂದು ವರ್ಷ 'ಇವರೇ', 'ನೋಡಿ ಇಲ್ಲಿ' ಎಂದು ಕರೆದದ್ದಾಯಿತು. ಮೊನ್ನೆ ತುಮಕೂರಿನ ಆಸ್ಪತ್ರೆಯಲ್ಲಿ ನೀವು ಡಾಕ್ಟರ ಎದುರಿನಿಂದ ಎದ್ದು ಹೊರಟೇಹೋದಿರಿ. ಕೌಂಟರಿನ ಹುಡುಗಿ ಪೇಷೆಂಟ್ ಹೆಸರೇನಮ್ಮ ಎಂದಳು. ಇಂಥ ಹೊತ್ತಿನಲ್ಲಿ ಪಕ್ಕದವರ ಮುಖ ನೋಡುವವಳು ನಾನು. ಅವತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ. ಗಟ್ಟಿಯಾಗಿ ಹೇಳಿಬಿಟ್ಟೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಕೋಪ ಬಂದರೆ ಮನೆಗೆ ಬಂದು ಬೈಯಿರಿ.

ಫೋನ್ ಮಾಡಿದರೆ ಕಟ್ ಮಾಡುತ್ತೀರಿ, ಅದಕ್ಕೇ ಮಲ್ಲೇಶನ ಆಟೋದಲ್ಲಿ ಈ ಕಾಗದ. ನೀವು ನಿಡುಗಲ್ಲಿನಲ್ಲಿ ನಿಮ್ಮ ಅಕ್ಕ ಪಾಪಕ್ಕನವರ ಜಗಲಿಯ ಮೇಲೆ ಕೂತು, 'ನಮ್ಮೂರ್ ನೀರೇ ಸರಿ ಇಲ್ಲ ಕಣ್ಲಾ, ಬೆಟ್ಟದ್ ಬಂಡೆ ದೊಣೆ ನೀರು ಕುಡುದ್ರೆ ಸೊಂಟ ನೆಟ್ಟಗಾಯ್ತದೆ' ಎನ್ನುತ್ತಿದ್ದೀರಂತೆ. ಸಾಕು ಮಾಡಿ. ಈ ತಾಲ್ಲೂಕಿನಲ್ಲಿ ಯಾರ ಮೂಳೆ ನೊಂದರೂ ಫ್ಲೋರೈಡ್ ನೀರಿನದೇ ತಪ್ಪು. ನಾನೂ ಹಾಗೇ ನಂಬಿ ಎರಡು ವರ್ಷ ಶುದ್ಧ ನೀರಿನ ಘಟಕದಿಂದ ದಿನಾ ಕ್ಯಾನ್ ಹೊತ್ತು ತಂದು ಕುಡಿಸಿದೆ. ರಾತ್ರಿ ನೀವು ನಾಲ್ಕು ನಾಲ್ಕು ಸಲ ಎದ್ದು ಹೊರಗೆ ಹೋಗುವುದು ನನಗೆ ಗೊತ್ತಿತ್ತು. ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದೆ. ಅಂಗನವಾಡಿಯಲ್ಲಿ ಊರಿನ ಬಸುರಿಯರಿಗೆಲ್ಲ ಬುದ್ಧಿ ಹೇಳುವವಳಿಗೆ ಗಂಡನನ್ನು ಇಷ್ಟು ಕೇಳಲು ನಾಚಿಕೆ. ಆ ತಪ್ಪು ನನ್ನದು, ಒಪ್ಪುತ್ತೇನೆ.

ನೀವು ಹೋದ ಮೇಲೆ ನಾನು ಮತ್ತೆ ಡಾಕ್ಟರ ಮುಂದೆ ಕೂತೆ. ಅವರು ಚಿತ್ರ ಬರೆದು ತೋರಿಸಿದರು. ಮೂತ್ರಚೀಲದ ಕೆಳಗೊಂದು ಗ್ರಂಥಿ, ಪ್ರಾಸ್ಟೇಟ್. ಕ್ಯಾನ್ಸರ್ ಅದರೊಳಗೇ ಇದ್ದಿದ್ದರೆ ಆಪರೇಷನ್ನೋ, ರೇಡಿಯೇಷನ್ ಕರೆಂಟ್ ಕೊಡುವುದೋ ಮಾಡಿ ವಾಸಿ ಮಾಡಬಹುದಿತ್ತಂತೆ. ಕೆಲವರಿಗೆ ಅದು ಬಹಳ ನಿಧಾನ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾ ಕಾದು ನೋಡುವುದೂ ಉಂಟಂತೆ. ನಿಮ್ಮದು ಸೊಂಟದ ಮೂಳೆಗೆ ಬಂದಿದೆ. ಪೂರ್ತಿ ಹೋಗುವುದಿಲ್ಲ, ನಿಮಗೆ ಸುಳ್ಳು ಹೇಳಲಾರೆ. ಆದರೆ ಅದಕ್ಕೆ ಮೇವು ಗಂಡಸಿನ ಹಾರ್ಮೋನು. ಅದನ್ನು ನಿಲ್ಲಿಸಿದರೆ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು ಎಂದರು. ಆ ಹಾರ್ಮೋನು ಹುಟ್ಟುವ ಬೀಜವನ್ನೇ ತೆಗೆಸುವ ಮಾತು ಕಿವಿಗೆ ಬಿದ್ದದ್ದೇ ನೀವು ಓಟ ಕಿತ್ತಿರಿ. ಇನ್ನೆರಡು ನಿಮಿಷ ಕೂತಿದ್ದರೆ ಮೂರು ತಿಂಗಳಿಗೊಂದು ಇಂಜೆಕ್ಷನ್ನಿನ ದಾರಿಯೂ ಇದೆ ಎಂದು ತಿಳಿಯುತ್ತಿತ್ತು. ಎರಡರಲ್ಲಿ ಯಾವುದಾದರೂ ಸರಿ, ಜೊತೆಗೆ ಮಾತ್ರೆ. ಮೈ ಬಿಸಿಯಾಗಿ ಬೆವರುತ್ತದೆ, ಸುಸ್ತಾಗುತ್ತದೆ, ಆಸೆ ತಗ್ಗುತ್ತದೆ. ಯಾವುದು ಬೇಕೋ ನೀವೇ ಆರಿಸಿ. ಏನೂ ಬೇಡ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

'ಗಂಡಸ್ತನ ಹೋದ್ಮ್ಯಾಲೆ ಇದ್ದೇನ್ ಮಾಡ್ಲಿ' ಎಂದಿರಂತೆ. ನಾನು ಇಷ್ಟು ವರ್ಷ ಬಾಳಿದ್ದು ಅದೊಂದರ ಜೊತೆಗೇ ಎಂದುಕೊಂಡಿರಾ? ಸೋಲಾರ್ ಪಾರ್ಕಿನ ಗೇಟು ಕಾಯುವ ಡ್ಯೂಟಿ ಮುಗಿಸಿ, ಸೊಂಟ ಹಿಡಿದುಕೊಂಡು ಬಂದರೂ ನನ್ನ ಕೈಯಿಂದ ನೀರಿನ ಕ್ಯಾನ್ ಕಸಿದುಕೊಳ್ಳುತ್ತಿದ್ದವರು ಯಾರು? ನಾನು ಮುದ್ದೆ ತಿರುವುವಾಗ ಪಾತ್ರೆ ಹಿಡಿದುಕೊಂಡು ತಮಾಷೆ ಮಾಡುತ್ತಿದ್ದವರು ಯಾರು? ನನಗೆ ಆ ಮನುಷ್ಯ ಬೇಕು. ಬದುಕಿರಬೇಕು.

ಸೋಮವಾರ ಬೆಳಿಗ್ಗೆ ಏಳಕ್ಕೆ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸಿನ ಹತ್ತಿರ ನಿಂತಿರುತ್ತೇನೆ. ನೀವು ಬರದಿದ್ದರೆ ನಿಡುಗಲ್ಲಿನ ಬಸ್ಸು ಹತ್ತುತ್ತೇನೆ. ಪಾಪಕ್ಕನವರ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ನಿಮ್ಮ ಹೆಸರು ಕೂಗುತ್ತೇನೆ. ಈಗ ಅಭ್ಯಾಸವಾಗಿದೆ.

ಇಂತಿ, ಯಾರಿಗೂ ಹೆದರದ ನಿಮ್ಮ
ವನಜಾಕ್ಷಿ

ಇನ್ನೊಂದು ಮಾತು: ಹದಿನಾಲ್ಕು ವರ್ಷದ ಹಿಂದೆ ಮಧುಗಿರಿಯಲ್ಲಿ ನನ್ನ ಗರ್ಭಕೋಶ ತೆಗೆದಾಗ ಪಾಪಕ್ಕನವರು 'ಇನ್ನೇನೈತೆ ಅವ್ಳತ್ರ' ಎಂದಿದ್ದರು. ಯಾವಾಗಲೂ ನನ್ನನ್ನು 'ಲೇ' ಎನ್ನುತ್ತಿದ್ದ ನೀವು, 'ಬುಡಕ್ಕ, ನಾನ್ ಮದ್ವೆ ಆಗಿದ್ದು ಗರ್ಭಕೋಶನಲ್ಲ, ವನಜಾಕ್ಷೀನ' ಎಂದಿರಿ. ನಾನು ಬಾಗಿಲ ಹಿಂದೆಯೇ ಇದ್ದೆ. ಕೇಳಿಸಿಕೊಂಡದ್ದನ್ನು ನಿಮಗೆ ಇದುವರೆಗೆ ಹೇಳಿರಲಿಲ್ಲ. ನೀವು ಈಗ ಇರುವುದು ಅದೇ ಪಾಪಕ್ಕನವರ ಮನೆಯಲ್ಲಿ. ಮರೆತಿದ್ದರೆ ಅವರನ್ನೇ ಕೇಳಿ ನೋಡಿ.