ಮೈದುನನ ರಕ್ತಪರೀಕ್ಷೆಯ ಬಗ್ಗೆ

ಕಾರ್ಖಾನೆಯ ಡಾಕ್ಟರರಿಗೆ ನಮಸ್ಕಾರ.

ಬೂಟಿನ ವಿಭಾಗದಲ್ಲಿ ಹದಿನಾರು ವರ್ಷ ಅಟ್ಟೆ ಅಂಟಿಸುತ್ತಿದ್ದವರ ಹೆಂಡತಿ ನಾನು. ಅವರು ತೀರಿಕೊಂಡು ನಾಳೆಗೆ ಎರಡು ತಿಂಗಳು. ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ.

ಪ್ರತಿ ವರ್ಷ ನೀವು ಅವರ ತೂಕ, ಬಿ.ಪಿ. ನೋಡಿ, ಎದೆಯ ಎಕ್ಸ್‌ರೇ ತೆಗೆಸಿ, "ಗಟ್ಟಿಮುಟ್ಟಾಗಿದ್ದೀಯಪ್ಪ" ಎಂದು ಕಳಿಸುತ್ತಿದ್ದಿರಿ. ಮನೆಗೆ ಬಂದು ನಿಮ್ಮದೇ ದನಿಯಲ್ಲಿ ಅದನ್ನು ಹೇಳಿ ನಮ್ಮನ್ನು ನಗಿಸುತ್ತಿದ್ದರು. ಮೂರು ವರ್ಷದಿಂದ ಅವರ ಬಾಯಿಹುಣ್ಣು ಮಾಯುತ್ತಿರಲಿಲ್ಲ, ನೆಗಡಿ ಬಂದರೆ ತಿಂಗಳಾದರೂ ಬಿಡುತ್ತಿರಲಿಲ್ಲ. ನಾನು ಬಾಯಿ ಮುಕ್ಕಳಿಸಲು ಉಪ್ಪುನೀರು ಕೊಡುತ್ತಾ ಹೋದೆ. ಕೊನೆಗೆ ಉಗುರು ಕತ್ತರಿಸುವಾಗ ಆದ ಸಣ್ಣ ಗಾಯ ಕೀವಾಯಿತು. ಜ್ವರ ಏರಿ ಒಂಬತ್ತೇ ದಿನಕ್ಕೆ ಹೊರಟುಹೋದರು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: "ಎಷ್ಟು ವರ್ಷದಿಂದ ಆ ಅಂಟಿನ ವಾಸನೆ ಕುಡೀತಿದ್ರಮ್ಮ? ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಾನೇ ಉಳಿದಿರಲಿಲ್ಲ. ವರ್ಷ ವರ್ಷ ಎಣಿಸಿದ್ರೆ ಇಳೀತಾ ಬಂದಿದ್ದು ಗೊತ್ತಾಗ್ತಿತ್ತು."

ಈಗ ನನ್ನ ಗಂಡನ ಅಂಟಿನ ಮೇಜಿನಲ್ಲಿ ನನ್ನ ಮೈದುನ ಕೂರುತ್ತಾನೆ. ಅವನ ಬಾಯಲ್ಲೂ ಹುಣ್ಣಾಗಿದೆ. ದಯವಿಟ್ಟು ಅವನ ರಕ್ತ ತೆಗೆಸಿ, ಬಿಳಿ ಕಣ ಎಣಿಸಿ. ಅಂಟಿನ ಮೇಜುಗಳ ಉಳಿದವರದ್ದೂ ಎಣಿಸಿ. ಕಡಿಮೆ ಬಂದವರನ್ನು ಪೆಟ್ಟಿಗೆ ಕಟ್ಟುವ ಕಡೆಗೆ ಹಾಕಿಸಿ. ನಾನು ಹೇಳಿದರೆ, "ಅತ್ತಿಗೆ, ಡಾಕ್ಟ್ರು ಹೋದ ತಿಂಗಳಷ್ಟೇ ನೋಡಿದ್ದಾರೆ, ನಂಗೇನೂ ಆಗಿಲ್ಲ" ಎನ್ನುತ್ತಾನೆ.

ನೀವೇ ಕರೆದು ಹೇಳಿ. ನಾನು ಬರೆದೆನೆಂದು ಮಾತ್ರ ಹೇಳಬೇಡಿ, ಅಣ್ಣನಿಗಾದದ್ದೇ ತನಗೂ ಆಗಿದೆಯೆಂದು ಹೆದರಿಕೊಳ್ಳುತ್ತಾನೆ.

ಇಂತಿ,
ಅವನ ಅತ್ತಿಗೆ