ಭರಣಿ ಮುಟ್ಟದ ದಿನಗಳು

ಸೋಮವಾರಪೇಟೆ
14 ನವೆಂಬರ್ 2024, ಗುರುವಾರ ಬೆಳಿಗ್ಗೆ

ಪ್ರೀತಿಯ ಪ್ರಸಾದ್,

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮುಟ್ಟಿನ ಲೆಕ್ಕದಲ್ಲಿ ಇಂದು ಇಪ್ಪತ್ತೈದನೆಯ ದಿನ. ವೈನ್ ಬಿಟ್ಟು ಇಪ್ಪತ್ತೇಳು ದಿನ. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಇನ್ನೊಂದು ವರ್ಷ ಇರಲು ಒಪ್ಪಿಗೆ ಬರೆದುಕೊಡಲೇ ಎಂದು ಕೇಳಿದ್ದೀರಿ; ಇಪ್ಪತ್ತನೆಯ ತಾರೀಕು ಕೊನೆಯಂತೆ. ಅದಕ್ಕೆ ಮೊದಲು ಒಂದು ವಿಷಯ ತಿಳಿಸಬೇಕು.

ಕಳೆದ ತಿಂಗಳು ಆಸ್ಪತ್ರೆಗೆ ಹೋಗಿದ್ದೆ. ಮುಟ್ಟಿಗೆ ಮುಂಚಿನ ನಾಲ್ಕೈದು ದಿನ ಎದೆಯ ಮೇಲೆ ಯಾರೋ ಕೂತಂತಿರುತ್ತದೆ, ಒಂದು ಲೋಟ ವೈನ್ ಕುಡಿದರೆ ಹಗುರಾಗುತ್ತದೆ, ಮರುದಿನ ಇನ್ನೂ ಭಾರ ಎಂದೆ. ಮುಟ್ಟಾದ ದಿನ, ಕುಡಿದ ದಿನ, ಜಗಳ ಆಡಿದ ದಿನ, ಮೂರನ್ನೂ ಬರ್ಕೊಳ್ಳಿ ಅಕ್ಕಾ ಅಂದಳು ನರ್ಸ್ ಶ್ವೇತ. ನಾನೇನು ಕುಡುಕಿಯಾ ಎಂದು ಕೇಳಿದೆ. ನಾನು ಹೇಳಲ್ಲ, ಕ್ಯಾಲೆಂಡರ್ ಹೇಳ್ತದೆ ಅಂದು ನಕ್ಕಳು.

ಕ್ಯಾಲೆಂಡರ್ ಆಗಲೇ ಹೇಳಿತ್ತು. ಮನೆಯಲ್ಲಿ ಮಾಡುವ ವೈನಿನ ಭರಣಿ ಕಲಕಿದ ದಿನಕ್ಕೆ ನಾನು ಅದರಲ್ಲಿ ಗೆರೆ ಹಾಕುವುದು ನಿಮಗೆ ಗೊತ್ತು. ಮುಟ್ಟಾದವಳು ಕಲಕಿದರೆ ಹುಳಿಯಾಗ್ತದೆ ಮಾರಾಯ್ತಿ ಎಂದು ನಿಮ್ಮ ಅಮ್ಮ ಸೌಟು ಕಿತ್ತುಕೊಳ್ಳುತ್ತಿದ್ದರು. ನನಗೆ ಆ ನಂಬಿಕೆಯಿಲ್ಲ. ಆದರೂ ಅವರು ತೀರಿಕೊಂಡ ಮೇಲೂ ಆ ನಾಲ್ಕು ದಿನ ಪಕ್ಕದ ಮನೆಯ ಉಷಾರಾಣಿಯೇ ಬಂದು ಕಲಕುತ್ತಾಳೆ; ನಾನು ಗೆರೆ ಹಾಕುವುದಿಲ್ಲ. ಹಾಗಾಗಿ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ನಾಲ್ಕು ಮನೆ ಖಾಲಿ. ಅದಕ್ಕೆ ಹಿಂದಿನ ದಿನಗಳಲ್ಲಿ ಸಣ್ಣ ಚುಕ್ಕಿಗಳು. ಅವು ರುಚಿ ನೋಡಿದ್ದಕ್ಕೆ. ಮೊದಲು ಚಮಚದಲ್ಲಿ ನೋಡುತ್ತಿದ್ದೆ, ಆಮೇಲೆ ಲೋಟದಲ್ಲಿ.

ನಿಮ್ಮ ತಂಗಿಯ ಮಗಳ ನಾಮಕರಣದಲ್ಲಿ ಎಲ್ಲರೆದುರು ನಿಮ್ಮನ್ನು ಮೂಗ ಎಂದದ್ದು, ಒಗೆದು ಮಡಿಸಿಟ್ಟ ಯೂನಿಫಾರ್ಮನ್ನು ಅಂಗಳದ ಕೆಸರಿಗೆ ಎಸೆದದ್ದು, ಎರಡೂ ಚುಕ್ಕಿಯ ದಿನಗಳೇ. ತಪ್ಪನ್ನು ದಿನಗಳ ಮೇಲೆ ಹೊರಿಸುತ್ತಿಲ್ಲ. ದಿನಗಳು ತಾವಾಗಿ ಬಂದವು. ಲೋಟ ಎತ್ತಿದ್ದು ನಾನು. ಕ್ಷಮಿಸಿ.

ನೀವು ಕೆಲಸದಿಂದ ಬಂದು, ಜಿಗಣೆ ಇದ್ದರೆ ಬೀಳಲಿ ಎಂದು ಬೂಟುಗಳನ್ನು ಮೆಟ್ಟಿಲಿಗೆ ಕುಟ್ಟುತ್ತಿದ್ದಿರಿ. ಮೂರು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ನಿನ್ನೆ ಗೇಟಿನ ಹತ್ತಿರ ಯಾರೋ ಸೌದೆ ಇಳಿಸುತ್ತಿದ್ದರು. ಆ ಸದ್ದಿಗೆ ಒಲೆಯ ಮೇಲಿದ್ದ ಹಾಲು ಬಿಟ್ಟು ಬಾಗಿಲವರೆಗೆ ಹೋದೆ.

ಒಪ್ಪಿಗೆ ಈಗಲೇ ಬರೆಯಬೇಡಿ. ಭಾನುವಾರ ಮೊದಲ ಬಸ್ಸಿಗೆ ಹೊರಟು, ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಬರುತ್ತೇನೆ. ಅಷ್ಟರಲ್ಲಿ ಮುಟ್ಟಾಗಿರಬಹುದು, ಆಗದೆಯೂ ಇರಬಹುದು. ಹೇಗಿದ್ದರೂ ಬರುತ್ತೇನೆ.

ನಿಮ್ಮ
ಸುಮಿತಾ

ತಾ.ಕ.: ನೀವು ಮನೆಯಲ್ಲಿದ್ದರೂ ನನಗೆ ಒಂಟಿ ಅನಿಸುತ್ತದೆ ಎಂದು ಜೂನ್ ಎಂಟರಂದು ಹೇಳಿದ್ದೆ. ಇದು ನಿನ್ನ ಆ ದಿನಗಳ ಮಾತು, ಆಮೇಲೆ ಮಾತಾಡುವ ಎಂದು ನೀವು ಎದ್ದು ಹೋದಿರಿ. ಮರುವಾರ ವರ್ಗಾವಣೆ ಕೇಳಿದಿರಿ. ಆ ಜೂನ್ ಎಂಟನ್ನೂ ಕ್ಯಾಲೆಂಡರಿನಲ್ಲಿ ನೋಡಿದೆ. ಮುಟ್ಟಿನ ಲೆಕ್ಕದಲ್ಲಿ ಹನ್ನೊಂದನೆಯ ದಿನ. ಭರಣಿ ಕಲಕಿದ ಗೆರೆ ಇದೆ, ಚುಕ್ಕಿ ಇಲ್ಲ. ಭಾನುವಾರ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ. ನೀವು ಎದ್ದು ಹೋಗಬಾರದು.