ಕೊಡಿ ಇಲ್ಲಿ

ಅಪ್ಪಾ,

ಈಗ ಪ್ರತಿ ಭಾನುವಾರ ಲೈಬ್ರರಿಯಲ್ಲಿ ಹಿರಿಯರಿಗೆ ಮೊಬೈಲ್ ಬಳಸುವುದನ್ನು ಹೇಳಿಕೊಡುತ್ತಿದ್ದೇನೆ. ನಗಬೇಡ. ಅಲ್ಲಿ ನಮಗೆ ಒಂದೇ ನಿಯಮ: ಅವರ ಫೋನು ಮುಟ್ಟುವಂತಿಲ್ಲ, ಕೈಕಟ್ಟಿ ಕೂತು ಬಾಯಲ್ಲೇ ಹೇಳಬೇಕು.

ಇವತ್ತು ವಯಸ್ಸಾದ ದರ್ಜಿಯೊಬ್ಬರು ಮೊಮ್ಮಗಳಿಗೆ ಫೋಟೊ ಕಳಿಸಲು ಅರ್ಧ ಗಂಟೆ ಒದ್ದಾಡಿದರು. ನನಗೆ ತಾಳ್ಮೆ ಎಲ್ಲಿ? "ಕೊಡಿ ಇಲ್ಲಿ" ಎಂದು ಕಿತ್ತುಕೊಂಡು ನಾನೇ ಕಳಿಸಿಬಿಟ್ಟೆ.

"ಮನೇಲೂ ಹೀಗೇ ಕಿತ್ಕೊಳ್ತಾರಮ್ಮ. ಅದಕ್ಕೇ ಇಲ್ಲಿಗೆ ಬಂದಿದ್ದೆ," ಎಂದವರು ಕನ್ನಡಕ ಮಡಚಿಟ್ಟುಕೊಂಡು ಹೊರಟೇಹೋದರು.

ನಿನ್ನ ಕೈಯಿಂದಲೂ "ಕೊಡಪ್ಪಾ ಇಲ್ಲಿ" ಎಂದು ಎಷ್ಟು ಸಲ ಕಿತ್ತುಕೊಂಡೆನೋ. ನೀನು ಹೋದ ಮೇಲೆ ನಿನ್ನ ಫೋನು ತೆರೆದು ನೋಡಿದೆ. ನನಗೆಂದು ಬರೆದು, ಕಳಿಸಲು ಗೊತ್ತಾಗದೆ ನೀನು ಬಿಟ್ಟ ಒಂದು ಸಾಲು ಅಲ್ಲೇ ಇತ್ತು:

"ಪುಟ್ಟೀ, ಡಾಕ್ಟರ್ ಹತ್ರ ನನ್ನ ಜೊತೆ ಬರ್ತೀಯಾ?"